ಸೇದದ ಬೀಡಿ ಬಿಟ್ಟ ಶಿವರಾಮಯ್ಯ

ಗುಬ್ಬಿಯಲ್ಲಿ ಒಬ್ಬನನ್ನು ಸೋಮಾರಿ ಎನ್ನಿ, ನಕ್ಕು ನಿಮಗೇ ಟೀ ಕುಡಿಸುತ್ತಾನೆ. ಜಿಪುಣ ಎನ್ನಿ, ಟೀ ಕುಡಿಸದೆ ನಗುತ್ತಾನೆ. ‘ನಿನಗೆ ನಾಟಕ ಬರಲ್ಲ’ ಅಂದುಬಿಟ್ಟರೆ ಮಾತ್ರ ಎರಡು ಮನೆಗಳ ನಡುವೆ ಕಾಫಿಪುಡಿ ಸಾಲ ಕೊಡುವುದೂ ನಿಂತುಹೋಗುತ್ತದೆ. ನಾಟಕ ಇಲ್ಲಿಯ ನೀರಿನಲ್ಲೇ ಇದೆ ಎಂದು ನಮ್ಮವರ ನಂಬಿಕೆ. ಆ ನೀರು ನಲ್ಲಿಯಲ್ಲಿ ಯಾವಾಗ ಬರುತ್ತದೆ ಅನ್ನುವುದು ಬೇರೆ ವಿಷಯ.

ನಮ್ಮ ಬೀದಿಯ ಶಿವರಾಮಯ್ಯನಿಗೆ ಈ ಮಾತನ್ನು ವರ್ಷ ವರ್ಷವೂ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದವರು ರುದ್ರಯ್ಯನವರು. ಅವರು ನಮ್ಮ ಕಲಾ ಸಂಘದ ಅಧ್ಯಕ್ಷರು, ನಿರ್ದೇಶಕರು, ನಾಟಕ ಬರೆಯುವವರು ಮತ್ತು ಮುಖ್ಯ ಪಾತ್ರಧಾರಿ. ಸಂಘದ ನಾಟಕ ಯಾವಾಗಲೂ ಒಂದೇ, ‘ಸತ್ಯಸೇನ ಮಹಾರಾಜ’. ಹುಟ್ಟಿದಾಗಿನಿಂದ ಒಂದೂ ಸುಳ್ಳಾಡದ ರಾಜ ರಾಜ್ಯ ಕಳೆದುಕೊಂಡು, ಕಾಡು ಸೇರಿ, ಬಹಳ ಉದ್ದುದ್ದ ಹಾಡುಗಳನ್ನು ಹಾಡಿ ಎಲ್ಲವನ್ನೂ ವಾಪಸು ಪಡೆಯುತ್ತಾನೆ. ಪ್ರತಿ ಸಲವೂ ಸತ್ಯಸೇನ ರುದ್ರಯ್ಯನವರೇ, ಪರದೆ ಎಳೆಯುವವನು ಶಿವರಾಮಯ್ಯನೇ. ಒಮ್ಮೆ ಕನಿಕರಪಟ್ಟು ಹೆಣದ ಪಾತ್ರ ಕೊಟ್ಟಿದ್ದರು. ಹೆಣ ಸೀನಿತು. ಅಲ್ಲಿಂದಾಚೆಗೆ ಅವನಿಗೆ ಪರದೆ ಹಗ್ಗವೇ ಗಟ್ಟಿಯಾಯಿತು.

ಉಳಿದ ದಿನಗಳಲ್ಲಿ ಶಿವರಾಮಯ್ಯನದು ಬಸ್ ಸ್ಟ್ಯಾಂಡ್ ಎದುರು ಮಿಕ್ಸಿ, ಫ್ಯಾನ್ ರಿಪೇರಿ ಅಂಗಡಿ. ಒಬ್ಬರ ಮಿಕ್ಸಿಯ ಜಾರನ್ನು ಇನ್ನೊಬ್ಬರ ಮಿಕ್ಸಿಗೆ ಕೂರಿಸಿ ಕಳಿಸುವುದನ್ನು ಬಿಟ್ಟರೆ ಒಳ್ಳೆಯ ಮನುಷ್ಯ. ಬೀಡಿಯಿಲ್ಲ, ಸಿಗರೇಟಿಲ್ಲ, ಎಲೆಅಡಿಕೆ ಸಹ ಮದುವೆಮನೆಯಲ್ಲಿ ಮಾತ್ರ. ಪಕ್ಕದ ಮನೆಯವನಾದ ನಾನು, ರಿಟೈರಾದ ಲೆಕ್ಕದ ಮೇಷ್ಟ್ರು, ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಹೇಳಿಯೂ ನೋಡಿದೆ, ಅದರ ಫಲ ಏನಾಯಿತೆಂದು ಮುಂದೆ ಗೊತ್ತಾಗುತ್ತದೆ. ಆ ಮನುಷ್ಯನಿಗೆ ಇದ್ದ ಆಸೆ ಒಂದೇ. ಸಾಯುವುದರೊಳಗೆ ರುದ್ರಯ್ಯನವರ ಬಾಯಲ್ಲಿ ‘ನಿನಗೆ ನಾಟಕ ಬರ್ತದೆ ಕಣಯ್ಯ’ ಅನ್ನಿಸಿಕೊಳ್ಳಬೇಕು.

ಹೀಗಿರುವಾಗ ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಸುಧಾ ಬಂದಳು. ನಮ್ಮೂರ ಹುಡುಗಿ, ನನ್ನ ಹತ್ತಿರವೇ ಲೆಕ್ಕ ಕಲಿತವಳು. ಬೀಡಿ, ಸಿಗರೇಟು ಸೇದುವವರಿಂದ ಆ ಚಟ ಬಿಡಿಸುವುದು ಹೇಗೆ ಎಂದು ಡಾಕ್ಟರುಗಳಿಗೆ ತರಬೇತಿ ಕೊಡುವ ಒಂದು ಯೋಜನೆ ಅವಳದು. ನಮ್ಮ ಡಾಕ್ಟರುಗಳಿಗೆ ‘ಬಿಡ್ರೀ, ಸತ್ತೋಗ್ತೀರಾ’ ಎಂದು ಕೂಗುವುದು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ಅವಳೇ ಹೇಳಿದಳು. ಅವರು ಅಭ್ಯಾಸ ಮಾಡಲು ನಕಲಿ ರೋಗಿಗಳು ಬೇಕಂತೆ. ಗ್ರಾಂಟ್ ಕೇಳಿ ಬರೆದ ಅರ್ಜಿಯಲ್ಲಿ ‘ರಂಗಪರಂಪರೆಯುಳ್ಳ ಊರಿನ ನುರಿತ ಕಲಾವಿದರನ್ನು ಬಳಸಿಕೊಳ್ಳಲಾಗುವುದು’ ಎಂದು ಒಂದು ಸಾಲು ಸೇರಿಸಿದ್ದಳು. ದೆಹಲಿಯವರು ಆ ಸಾಲಿಗೇ ಮರುಳಾಗಿ ಗ್ರಾಂಟ್ ಕೊಟ್ಟುಬಿಟ್ಟಿದ್ದರು. ಗ್ರಾಂಟ್ ಬರೆಯುವುದೂ ಒಂದು ಸಾಹಿತ್ಯವೇ ಎಂದು ನನಗೆ ಅಂದು ತಿಳಿಯಿತು. ಬರೆದದ್ದನ್ನು ಆಮೇಲೆ ಮಾಡಿಯೂ ತೋರಿಸಬೇಕು ಅನ್ನುವುದೊಂದೇ ಅದರಲ್ಲಿರುವ ತೊಂದರೆ.

ಸುಧಾ ಸಂಘದ ರಿಹರ್ಸಲ್ ಮನೆಗೆ ಬಂದು ಕೂತಾಗ ರುದ್ರಯ್ಯನವರು ಅದರ ಹಿಂದೆ ಬೀಡಿ ಸೇದಿ ಮುಗಿಸಿ ಒಳಗೆ ಬಂದರು. ಬೀಡಿ ಕಂಠಕ್ಕೆ ಹದ ಕೊಡುತ್ತದೆ ಎನ್ನುವುದು ಅವರ ಸಿದ್ಧಾಂತ. ಸುಧಾಳ ಬೇಡಿಕೆ ಕೇಳಿ ಅವರ ಮುಖ ಕೆಂಪಾಯಿತು.

“ಕಿರೀಟ ಇಲ್ಲದ ಪಾತ್ರ ನಾನು ಮಾಡಲ್ಲಮ್ಮ. ಕುರ್ಚಿ ಮೇಲೆ ಕೂತು ಕೆಮ್ಮೋಕೆ ಕಲಾವಿದ ಯಾಕೆ, ಪರದೆ ಎಳೆಯೋನೇ ಸಾಕು,” ಎಂದು ಶಿವರಾಮಯ್ಯನ ಕಡೆ ಬೆರಳು ತೋರಿಸಿ, ತಾವೇ ಬಹಳ ಹೊತ್ತು ಕೆಮ್ಮಿದರು.

ಸುಧಾ ಶಿವರಾಮಯ್ಯನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನೀವು ಬಹಳ ವರ್ಷದಿಂದ ಬೀಡಿ ಸೇದುವವರು, ಬಿಡಲು ಇಷ್ಟವಿಲ್ಲ. ಡಾಕ್ಟರು ಸರಿಯಾದ ದಾರಿಯಲ್ಲಿ ಮಾತಾಡಿದರೆ ನಿಧಾನವಾಗಿ ಮೆತ್ತಗಾಗಬೇಕು. ಶಿವರಾಮಯ್ಯ ಮೊದಲನೆಯ ವಾಕ್ಯ ಕೇಳಿದೊಡನೆ ಮೈಮರೆತಿದ್ದರಿಂದ ಎರಡನೆಯದು ಅವನ ಕಿವಿಗೆ ಬೀಳಲಿಲ್ಲ.

ಪಾತ್ರಕ್ಕೆ ತಯಾರಿ ಬೇಕಲ್ಲ. ಪೇಟೆಯಲ್ಲಿ ಬೀಡಿ, ಬೆಂಕಿಪೊಟ್ಟಣ ಮಾರುವ ಇಸಾಕ್ ಸಾಬರ ಅಂಗಡಿಗೆ ಹೋಗಿ, ಒಂದು ಕಟ್ಟು ಬೀಡಿ ಕೊಂಡು, ಶಿಷ್ಯನಂತೆ ಕೂತ. ಸಾಬರಿಗೂ ಖುಷಿಯಾಯಿತು. ಬೀಡಿಯನ್ನು ಬೆರಳಲ್ಲಿ ಹೇಗೆ ಹೊರಳಿಸಬೇಕು, ಗಾಳಿಯಲ್ಲಿ ಕಡ್ಡಿಯನ್ನು ಅಂಗೈಯಿಂದ ಹೇಗೆ ಮರೆಮಾಡಬೇಕು, ಉಳಿದ ಅರ್ಧವನ್ನು ಕಿವಿಯ ಮೇಲೆ ಹೇಗೆ ಸಿಕ್ಕಿಸಬೇಕು, ಎಲ್ಲವನ್ನೂ ತೋರಿಸಿದರು.

“ಇದೆಲ್ಲ ಇರ್ಲಿ, ಮುಖ್ಯ ಜೇಬು,” ಅಂದರು ಸಾಬರು. “ಸೇದೋನ ಕೈ ಮಾತಾಡ್ತಾ ಮಾತಾಡ್ತಾ ತಾನಾಗೇ ಜೇಬಿನತ್ರ ಹೋಗ್ತದೆ. ಕಟ್ಟು ಐತಾ ಇಲ್ವಾ ಅಂತ. ಅದೊಂದು ಬಂದ್ರೆ ನಿಮ್ಮನ್ನ ಹಿಡಿಯೋರಿಲ್ಲ.”

ಅಂದಿನಿಂದ ಶಿವರಾಮಯ್ಯ ಹಚ್ಚದ ಬೀಡಿಯೊಂದನ್ನು ಕಿವಿಯ ಮೇಲಿಟ್ಟುಕೊಂಡು, ಜೇಬು ತಡವಿಕೊಳ್ಳುತ್ತಾ, ಒಣಕೆಮ್ಮು ಕೆಮ್ಮುತ್ತಾ ಮಿಕ್ಸಿ ರಿಪೇರಿ ಮಾಡತೊಡಗಿದ. ಗಿರಾಕಿಗಳು ಮಿಕ್ಸಿ ಕೊಟ್ಟು, ಅವನ ಕಿವಿ ನೋಡಿ, ಏನೂ ಅನ್ನದೆ ಹೋಗಿ ಊರಿಗೆಲ್ಲ ಅಂದರು.

ತರಬೇತಿಯ ದಿನ ಧೈರ್ಯಕ್ಕೆಂದು ನನ್ನನ್ನೂ ತುಮಕೂರಿಗೆ ಎಳೆದುಕೊಂಡು ಹೋದ. ಕಾಲೇಜಿನ ದೊಡ್ಡ ಹಾಲು, ತುಂಬ ಡಾಕ್ಟರುಗಳು. ಮುಂದೆ ಎರಡು ಕುರ್ಚಿ. ಒಂದರಲ್ಲಿ ನಮ್ಮ ಶಿವರಾಮಯ್ಯ, ಇನ್ನೊಂದರಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬ ಡಾಕ್ಟರು. ಬಾಕಿಯವರು ನೋಡಿ ಕಲಿಯಬೇಕು.

ಮೊದಲು ಬಂದವರು ಬಟವಾಡಿಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಗಂಗಾಧರ್. ಕೂರುವ ಮುಂಚೆಯೇ ಗದರಿದರು. ಶಿವರಾಮಯ್ಯ ಜೇಬು ತಡವಿಕೊಂಡು, ರಾಗಿಮುದ್ದೆ ಉಂಡಾದ ಮೇಲೆ ಬೇವಿನ ಮರದ ಕೆಳಗೆ ಕೂತು ಎಳೆಯುವ ಒಂದು ಬೀಡಿಯ ಸುಖವನ್ನು ವರ್ಣಿಸತೊಡಗಿದ. ಎಂಥ ವರ್ಣನೆ ಅಂತೀರಿ. ಗಂಗಾಧರ್ ಅವರ ಗದರಿಕೆ ಇಳಿಯಿತು, ಕಣ್ಣು ಅರ್ಧ ಮುಚ್ಚಿತು. ಕೊನೆಗೆ ಯಾವುದೋ ಫೋನ್ ಬಂತೆಂದು ಪಾರ್ಕಿಂಗ್ ಕಡೆಗೆ ಹೋದವರು ವಾಪಸು ಬಂದಾಗ ಬಾಯಲ್ಲಿ ಏಲಕ್ಕಿ ಅಗಿಯುತ್ತಿದ್ದರು. ಅವರ ನಂತರ ಬಂದವರು ಕರಿಕಲಾದ ಶ್ವಾಸಕೋಶದ ಚಿತ್ರ ತೋರಿಸಿದರು. ಶಿವರಾಮಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ, ಕಾಯಿಲ್ ಸುಟ್ಟಿದೆ ಅಷ್ಟೆ, ರೀವೈಂಡಿಂಗ್ ಮಾಡಿಸಿದರೆ ಓಡುತ್ತದೆ ಅಂದ. ಸುಧಾ ಹಾಲಿನ ತುದಿಯಲ್ಲಿ ನಿಂತು ‘ಸಾಕು, ಒಪ್ಪಿಕೊಳ್ಳಿ’ ಎಂದು ಕೈಸನ್ನೆ ಮಾಡುತ್ತಲೇ ಇದ್ದಳು. ಅವನು ಅತ್ತ ನೋಡಲೇ ಇಲ್ಲ. ರಂಗದ ಮೇಲೆ ಪ್ರೇಕ್ಷಕರ ಮುಖ ನೋಡಬಾರದೆಂದು ರುದ್ರಯ್ಯನವರು ಹೇಳಿದ್ದರಂತೆ.

ಕೊನೆಗೆ ಬಂದವಳು ಮರಳೂರಿನ ಡಾಕ್ಟರ್ ಫಿಜಾ, ಕಾಲೇಜು ಮುಗಿಸಿ ಕ್ಲಿನಿಕ್ಕಿನಲ್ಲಿ ಕೂರಲು ಶುರುಮಾಡಿದ್ದ ಎಳೆಯ ಹುಡುಗಿ. ಎದುರಿಗಿದ್ದ ಕುರ್ಚಿಯನ್ನು ಎಳೆದು ಅವನ ಪಕ್ಕಕ್ಕೆ ಹಾಕಿಕೊಂಡಳು. ಬೀಡಿಯ ಮಾತೇ ಎತ್ತಲಿಲ್ಲ.

“ಬೆಳಿಗ್ಗೆ ಎದ್ದ ತಕ್ಷಣ ಮೊದ್ಲು ಏನ್ ಮಾಡ್ತೀರಾ ಅಂಕಲ್?” ಎಂದು ಕೇಳಿ ಸುಮ್ಮನಾದಳು.

ಇದಕ್ಕೆ ಶಿವರಾಮಯ್ಯ ಡೈಲಾಗ್ ತಯಾರಿಸಿರಲಿಲ್ಲ. ಎಳೆದು ಎಳೆದು ಏನೋ ಹೇಳಲು ಶುರುಮಾಡಿದ, ಅದು ಎಲ್ಲೆಲ್ಲಿಗೋ ಹೋಗಿ ಪರದೆಯ ಹಿಂದಕ್ಕೆ ಬಂದು ನಿಂತಿತು. ಎಲ್ಲರೂ ಬೆಳಕಿನಲ್ಲಿ ಇರುತ್ತಾರೆ, ನಾನು ಹಗ್ಗ ಹಿಡಿದು ಕತ್ತಲಲ್ಲಿ ಇರುತ್ತೇನೆ, ನಾನಿದ್ದೇನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆಗ ಬೀಡಿಯ ತುದಿಯ ಕೆಂಪು ಒಂದೇ ನನ್ನದು ಅಂದ. ಬಿಡಲು ಏನು ಅಡ್ಡ ಬರುತ್ತಿದೆ ಎಂದು ಫಿಜಾ ಮೆಲ್ಲಗೆ ಕೇಳಿದಳು.

“ಬಿಟ್ರೆ ನನ್ ಜೊತೆ ಯಾರಿರ್ತಾರಮ್ಮ?” ಅಂದ ಶಿವರಾಮಯ್ಯ, ಮತ್ತು ಅತ್ತುಬಿಟ್ಟ.

ನಾನಿರುತ್ತೇನೆ, ಫೋನ್ ಮಾಡುತ್ತೇನೆ ಅಂದಳು ಆ ಹುಡುಗಿ. ಸೋಮವಾರದಿಂದ ಬಿಡುವುದಾಗಿ ಅವನು ಮಾತು ಕೊಟ್ಟ. ಡಾಕ್ಟರುಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅವನು ಒಂದು ಬೀಡಿಯನ್ನೂ ಸೇದಿದವನಲ್ಲ ಎಂದು ಗೊತ್ತಿದ್ದ ನನಗೂ ಕಣ್ಣು ಒದ್ದೆಯಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಅವನ ಮುಖ ನೋಡಬೇಕಿತ್ತು. ರುದ್ರಣ್ಣ ಇದನ್ನು ನೋಡಬೇಕಿತ್ತು ಮೇಷ್ಟ್ರೇ, ನೋಡಬೇಕಿತ್ತು ಎಂದು ಗುಬ್ಬಿ ಬರುವವರೆಗೂ ಹೇಳಿದ್ದನ್ನೇ ಹೇಳಿದ.

ಎಡವಟ್ಟಾದದ್ದು ಇಲ್ಲಿಂದ. ತರಬೇತಿಯ ಕೊನೆಗೆ ಸುಧಾ ಡಾಕ್ಟರುಗಳಿಗೆ ಒಂದು ಮಾತು ಹೇಳಿದ್ದಳು. ಇಂಥ ಅಭ್ಯಾಸದಲ್ಲಿ ಪಾತ್ರಕ್ಕೆಂದು ಬಂದವರಿಂದ ಕೆಲವೊಮ್ಮೆ ಅವರ ಸ್ವಂತ ಕಷ್ಟವೇ ಹೊರಗೆ ಬರುತ್ತದೆ, ಅದನ್ನು ಕೇಳಿಸಿಕೊಂಡು ಸುಮ್ಮನೆ ಬಿಟ್ಟುಬಿಡಬೇಡಿ. ಉಳಿದವರು ಆಗ ಊಟದ ಕ್ಯೂ ನೋಡುತ್ತಿದ್ದರು, ಫಿಜಾ ಒಬ್ಬಳು ಕೇಳಿಸಿಕೊಂಡಳು. ಅಷ್ಟು ನಿಜವಾದ ಅಳುವನ್ನು ಯಾರೂ ನಟಿಸಲಾರರು ಎಂದು ಅವಳಿಗೆ ಖಾತ್ರಿಯಾಗಿತ್ತು. ಸೋಮವಾರ ಬೆಳಿಗ್ಗೆ ಫೋನ್ ಮಾಡಿದಳು. ಫೋನ್ ಎತ್ತಿದವಳು ಶಿವರಾಮಯ್ಯನ ಹೆಂಡತಿ ಪುಟ್ಟತಾಯಮ್ಮ.

ಅಂಕಲ್ ಇವತ್ತು ಬೀಡಿ ಬಿಟ್ಟರಾ ಆಂಟಿ, ಬೈಯಬೇಡಿ, ಧೈರ್ಯ ಕೊಡಿ ಎಂದು ಆ ಕಡೆಯಿಂದ ಬಂತು. ಗಂಡ ಜೇಬು ತಡವಿಕೊಳ್ಳುವುದನ್ನು ಆಕೆ ನೋಡಿದ್ದಳು, ಕೆಮ್ಮು ಕೇಳಿದ್ದಳು. ನೇರವಾಗಿ ಒಗೆಯುವ ಬಟ್ಟೆಗೆ ಹೋಗಿ ಅಂಗಿಯ ಜೇಬಿಗೆ ಕೈ ಹಾಕಿದಳು. ಕಟ್ಟು ಸಿಕ್ಕಿತು. ಕಟ್ಟು ತುಂಬಿದಂತೆಯೇ ಇತ್ತು, ಕಿವಿಗೆ ಹೋಗಿದ್ದ ಒಂದನ್ನು ಬಿಟ್ಟರೆ. ಹಳೆಯದು ಮುಗಿದು ಹೊಸದು ತಂದಿದ್ದಾನೆ ಎಂದು ಆಕೆ ತೀರ್ಮಾನಿಸಿದಳು.

ಶಿವರಾಮಯ್ಯ, ಅದು ಆಕ್ಟಿಂಗ್ ಕಣೇ ಅಂದ. ಆಕೆ ಅಳುತ್ತಲೇ ಫಿಜಾಗೆ ಫೋನ್ ಮಾಡಿ, ಇವರು ಸೇದೇ ಇಲ್ಲ ಅಂತಿದಾರಲ್ಲಮ್ಮ ಅಂದಳು. ಶುರುವಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ ಆಂಟಿ, ಒಪ್ಪಿಕೊಳ್ಳೋಕೆ ಟೈಮ್ ಬೇಕು ಎಂದು ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಅವನು ಇಲ್ಲ ಅಂದಷ್ಟೂ ಶುರುವಿನಲ್ಲಿದ್ದಾನೆ ಎಂದಾಯಿತು.

ಕುಣಿಗಲ್‌ನಿಂದ ಪುಟ್ಟತಾಯಮ್ಮನ ತಮ್ಮ ಲಕ್ಷ್ಮೀನರಸಿಂಹಯ್ಯ ಬಂದಿಳಿದ. ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ವಿಚಾರಣೆ ಮಾಡುವುದೆಂದರೆ ಅವನಿಗೆ ಹೋಳಿಗೆ ಊಟ. ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಸಾಕ್ಷಿಗಳನ್ನು ಕರೆಸಿದ. ಇಸಾಕ್ ಸಾಬರು ಸುಳ್ಳು ಹೇಳುವವರಲ್ಲ, ಹೌದು, ಕಟ್ಟು ತಗೊಂಡರು, ಬಹಳ ಶ್ರದ್ಧೆಯಿಂದ ಕಲಿತರು ಅಂದರು. ಆ ‘ಶ್ರದ್ಧೆ’ ನಮ್ಮನ್ನು ಮುಳುಗಿಸಿತು. ನಾನು ಎದ್ದು ನಿಂತು, ಜೊತೆಯಲ್ಲಿ ನಾನೇ ಇದ್ದೆ, ಅಷ್ಟೂ ನಾಟಕ ಎಂದು ಸಾಕ್ಷಿ ನುಡಿದೆ.

“ಹಂಗಾದ್ರೆ ನೀವೂ ಶುರು ಹಚ್ಕೊಂಡಿದೀರಾ ಮೇಷ್ಟ್ರೇ?” ಅಂದ ಲಕ್ಷ್ಮೀನರಸಿಂಹಯ್ಯ.

ಕಾಂಪೌಂಡಿನಾಚೆ ನನ್ನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅಂದು ಸಂಜೆ ನನ್ನ ಅಂಗಿಗಳ ಜೇಬೂ ಒಂದೂ ಬಿಡದೆ ತಪಾಸಣೆಯಾಯಿತು.

ಸುಧಾಗೆ ಫೋನ್ ಹಾಕಿದೆವು. ಶಿವರಾಮಯ್ಯನವರು ಅದ್ಭುತ ನಟ ಎಂದು ಅವಳು ಎದೆತಟ್ಟಿ ಹೇಳಿದಳು. ಲಕ್ಷ್ಮೀನರಸಿಂಹಯ್ಯ ನಕ್ಕ. ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆ ಹಾಕುವ ಹಾಗಿಲ್ಲ, ಕಾನೂನಿದೆ, ಆಕೆ ಇನ್ನೇನು ಹೇಳಿಯಾಳು ಎಂದು ಆ ಸಾಕ್ಷ್ಯವನ್ನು ತಳ್ಳಿಹಾಕಿದ. ಉಳಿದವರು ರುದ್ರಯ್ಯನವರು. ಶಿವರಾಮಯ್ಯ ಅವರ ಮುಖವನ್ನೇ ನೋಡುತ್ತ ಕೂತ. ನಾನೇ ಕಳಿಸಿದ್ದು ನಿಜ ಎಂದು ಅವರು ಒಪ್ಪಿಕೊಂಡರು. ನಮ್ಮಿಬ್ಬರ ಉಸಿರು ಸರಾಗವಾಯಿತು.

“ಆದ್ರೆ ಒಂದ್ ಮಾತು,” ಎಂದು ಅವರು ಗಂಟಲು ಸರಿಮಾಡಿಕೊಂಡರು. “ಇವ್ನ ಆಕ್ಟಿಂಗ್ ನಾನು ನೋಡಿದೀನಿ. ಇವ್ನು ಹೆಣ ಅಂತ ನಾವೇ ನಂಬಲಿಲ್ಲ. ಓದಿದ ಡಾಕ್ಟರುಗಳು ಇವ್ನ ಬೀಡಿ ನಂಬವ್ರೆ ಅಂದ್ರೆ ಅದು ನಿಜವೇ ಇರ್ಬೇಕು.”

ತರ್ಕದಲ್ಲಿ ಒಂದೇ ಒಂದು ಬಿರುಕಿರಲಿಲ್ಲ. ಜಗುಲಿಯ ಮೇಲಿದ್ದವರೆಲ್ಲ ತಲೆದೂಗಿದರು. ಶಿವರಾಮಯ್ಯನ ಮುಖ ಬಾಡಿತು. ಬೀಡಿ ಸೇದುತ್ತಾನೆ ಎಂದದ್ದಕ್ಕಲ್ಲ, ಜನ್ಮದಲ್ಲೊಮ್ಮೆ ಚೆನ್ನಾಗಿ ಮಾಡಿದ ಪಾತ್ರ ಪಾತ್ರವೇ ಅಲ್ಲ ಎಂದದ್ದಕ್ಕೆ ಅವನಿಗೆ ಸಂಕಟವಾಯಿತು, ನನಗೂ ಆಯಿತು.

ಪುಟ್ಟತಾಯಮ್ಮ ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತಳು, ಗಂಡ ಬೀಡಿ ಬಿಟ್ಟರೆ ಅವನನ್ನು ನಡೆಸಿಯೇ ಬೆಟ್ಟ ಹತ್ತಿಸುತ್ತೇನೆಂದು. ಮನೆಯವರ ಬೆಂಬಲ ಹೀಗೇ ಇರಬೇಕು ಎಂದು ಫಿಜಾ ಮೆಚ್ಚಿಕೊಂಡಳು. ಮನೆಯಲ್ಲಿ ಸಾರಿಗೆ ಉಪ್ಪು ಬೀಳುವುದು ನಿಂತಿತು. ಬೀದಿಯವರು ಅವನನ್ನು ಕಂಡರೆ ‘ಇವತ್ತೆಷ್ಟು’ ಎಂದು ಕಣ್ಣಲ್ಲೇ ಕೇಳತೊಡಗಿದರು. ಕೊನೆಗೆ ಒಂದು ದಿನ ನನ್ನ ಬಳಿ ಬಂದು, “ಬಿಟ್ಬಿಡ್ತೀನಿ ಮೇಷ್ಟ್ರೇ, ಬಿಡೋದೊಂದೇ ದಾರಿ,” ಅಂದ.

ಹೀಗೆ ಶಿವರಾಮಯ್ಯ ಬೀಡಿ ಬಿಟ್ಟ. ಮೆರವಣಿಗೆಯಂತೆ ದುರ್ಗಕ್ಕೆ ಹೋದೆವು. ಬೆಟ್ಟ ಹತ್ತುವಾಗ ಅವನಿಗೆ ಏದುಸಿರು ಬಂತು. ನೋಡಿ, ಶ್ವಾಸಕೋಶ ಎಂದು ಲಕ್ಷ್ಮೀನರಸಿಂಹಯ್ಯ ಎಲ್ಲರಿಗೂ ತೋರಿಸಿದ. ಹಿಂದೆ ನಾನೂ ಏದುಸಿರು ಬಿಡುತ್ತಿದ್ದೆ, ಎಲ್ಲರೂ ತಿರುಗಿ ನನ್ನನ್ನೂ ಒಂದು ಥರ ನೋಡಿದರು. ಕಟ್ಟು ಹೊಸದಾಗಿಯೇ ಇದೆಯೆಂದು ಇಸಾಕ್ ಸಾಬರು ಅದನ್ನು ವಾಪಸು ತೆಗೆದುಕೊಂಡರು.

ಬಿಟ್ಟ ಮೇಲೆ ಅವನ ದೆಸೆ ತಿರುಗಿತು. ಊರಿನ ಹೆಂಗಸರು ಕೆಡದ ಮಿಕ್ಸಿಗಳನ್ನು ಕೈಗೆ ಕೊಟ್ಟು ತಮ್ಮ ಗಂಡಂದಿರನ್ನು ಅವನ ಅಂಗಡಿಗೆ ಅಟ್ಟತೊಡಗಿದರು. ಅವನಿಗೆ ಗೊತ್ತಿದ್ದದ್ದು ಫಿಜಾ ಕೇಳಿದ ಒಂದು ಪ್ರಶ್ನೆ ಮತ್ತು ಆಮೇಲೆ ಸುಮ್ಮನಿರುವುದು. ಬಂದವರು ಮಾತಾಡಿ ಹಗುರಾಗಿ ಹೋಗುತ್ತಿದ್ದರು. ಹೆಚ್ಚಿನ ತೊಂದರೆ ಇದ್ದವರನ್ನು ಮರಳೂರಿನ ಫಿಜಾಳ ಕ್ಲಿನಿಕ್ಕಿಗೆ ಕಳಿಸುತ್ತಿದ್ದ. ಅಲ್ಲಿ ಅಗಿಯಲು ಒಂದು ಔಷಧದ ಗಮ್ ಕೊಡುತ್ತಿದ್ದರು. ಅದನ್ನು ಸೇದುವ ಚಟ ಇರುವವರು ಮಾತ್ರ ಅಗಿಯಬೇಕು, ಬೇರೆಯವರು ಅಗಿದರೆ ಗಂಟಲು ಉರಿದು ಬಿಕ್ಕಳಿಕೆ ಹತ್ತಿಕೊಳ್ಳುತ್ತದೆ ಎಂದು ಫಿಜಾ ಎಲ್ಲರಿಗೂ ಎಚ್ಚರಿಕೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಂಗಡಿಯ ಹಿಂಬದಿಯಲ್ಲಿ, ಫ್ಯಾನುಗಳ ರಾಶಿಯ ಆಚೆಗೆ ಕೂತು ನಮ್ಮ ಮಿಕ್ಸಿಯ ನಿಜವಾದ ಜಾರನ್ನು ಹುಡುಕುತ್ತಿದ್ದೆ. ರುದ್ರಯ್ಯನವರು ಬಂದು ಶಟರ್ ಅರ್ಧ ಎಳೆದರು. ನಾನಿದ್ದದ್ದು ಅವರಿಗೆ ಕಾಣಲಿಲ್ಲ. ಬಹಳ ಹೊತ್ತು ಒಂದು ಫ್ಯಾನಿನ ರೆಕ್ಕೆ ತಿರುಗಿಸುತ್ತ ನಿಂತರು. ರಿಹರ್ಸಲ್ಲಿನಲ್ಲಿ ಕಾಡಿನ ಹಾಡು ಅರ್ಧಕ್ಕೇ ನಿಂತುಹೋಯಿತಂತೆ. ಉಸಿರು ಸಾಲುತ್ತಿಲ್ಲವಂತೆ. ಹಾಡದೆ ಇದ್ದರೆ ತಾವು ಯಾರು ಎಂದು ತಮಗೇ ಗೊತ್ತಿಲ್ಲ ಅಂದರು. ಆ ದೊಡ್ಡ ಗಂಟಲು ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

“ನಿಜ ಹೇಳು ಶಿವರಾಮಯ್ಯ. ನೀನು ಸೇದ್ತಿದ್ದೆ ತಾನೆ? ಅದು ನಾಟಕವೇ ಆಗಿದ್ರೆ ಈಗ್ಲೇ ಹೇಳ್ಬುಡು, ನಂಬ್ತೀನಿ. ಸೇದದೇ ಬಿಟ್ಟೋನ ಹತ್ರ ನಾನೇನು ಕಲೀಲಿ? ಎದ್ದೋಗ್ತೀನಿ.”

ಬೇಕಾದದ್ದು ಕೈಗೇ ಬಂದಿತ್ತು. ‘ನಾಟಕ’ ಎಂದು ಒಂದು ಮಾತು ಅಂದರೆ ಸಾಕು, ರುದ್ರಯ್ಯನವರು ನಂಬುತ್ತಿದ್ದರು. ನಂಬಿ, ಎದ್ದು, ಹೊರಗೆ ಹೋಗಿ ಒಂದು ಬೀಡಿ ಹಚ್ಚುತ್ತಿದ್ದರು. ಹೇಳೋ ಹೇಳೋ ಎಂದು ನಾನು ಜಾರು ಅವುಚಿಕೊಂಡು ಒಳಗೇ ಒದ್ದಾಡಿದೆ. ಶಿವರಾಮಯ್ಯ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಕೈ ಮೆಲ್ಲಗೆ ಖಾಲಿ ಜೇಬಿನ ಹತ್ತಿರ ಹೋಯಿತು, ಥೇಟ್ ಇಸಾಕ್ ಸಾಬರು ಹೇಳಿಕೊಟ್ಟ ಹಾಗೆ.

“ಸೇದ್ತಿದ್ದೆ ರುದ್ರಣ್ಣ,” ಅಂದ. ಕುರ್ಚಿ ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡು, “ಬೆಳಿಗ್ಗೆ ಎದ್ದ ತಕ್ಷಣ ಮೊದ್ಲು ಏನ್ ಮಾಡ್ತೀರಾ?” ಎಂದು ಕೇಳಿ ಸುಮ್ಮನಾದ.

ರುದ್ರಯ್ಯನವರು ಮಾತಾಡಿದ್ದನ್ನೆಲ್ಲ ಇಲ್ಲಿ ಬರೆಯುವುದು ಸರಿಯಲ್ಲ. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಮರಳೂರಿಗೆ ಹೋದರು. ರುದ್ರಯ್ಯನವರು ಬಿಟ್ಟರು, ಸುಲಭವಾಗಿಯೇನೂ ಅಲ್ಲ. ಕೆಲವು ವಾರ ಊರಲ್ಲಿ ಅವರ ಕೈಲಿ ಬೈಸಿಕೊಳ್ಳದವರು ಯಾರೂ ಉಳಿಯಲಿಲ್ಲ. ಕೆಮ್ಮು ಇಳಿಯಿತು, ಹಾಡುವಷ್ಟು ಉಸಿರು ಮಾತ್ರ ಇನ್ನೂ ಬಂದಿರಲಿಲ್ಲ. ನಾಟಕದ ದಿನ ಹತ್ತಿರ ಬಂತು. ಸಂಘದವರನ್ನೆಲ್ಲ ಕೂರಿಸಿ ಅವರು, ನನ್ನ ಮುಂದೆ ಕೂತು ತನ್ನ ತಪ್ಪನ್ನು ನಿಜ ನಿಜ ಒಪ್ಪಿಕೊಂಡವನು ಈ ಊರಲ್ಲಿ ಒಬ್ಬನೇ, ಈ ವರ್ಷ ಸತ್ಯಸೇನ ಅವನೇ ಎಂದು ಘೋಷಿಸಿದರು. ನಾನು ಕೆಮ್ಮಿದೆ. ಎಲ್ಲರೂ ನನ್ನನ್ನು ಅನುಮಾನದಿಂದ ನೋಡಿದರು.

ಭಾನುವಾರ ಮಧ್ಯಾಹ್ನ ರಂಗಮಂದಿರ ಭರ್ತಿಯಾಗಿತ್ತು. ತುಮಕೂರಿನಿಂದ ಸುಧಾ, ಫಿಜಾ, ಏಲಕ್ಕಿ ಅಗಿಯುತ್ತ ಗಂಗಾಧರ್ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ರುದ್ರಯ್ಯನವರು ಪರದೆಯ ಹಗ್ಗ ಹಿಡಿದು ಕತ್ತಲಲ್ಲಿ ನಿಂತರು. ಪರದೆ ಸರಿಯಿತು.

ನನ್ನ ಗೆಳೆಯನ ಬಗ್ಗೆ ಹೇಳಲು ಸಂಕಟವಾಗುತ್ತದೆ. ಕಿರೀಟ ಕಣ್ಣಿನ ಮೇಲೆ ಇಳಿಯಿತು. ತನ್ನ ಮಾತು ಮರೆತು ಮಂತ್ರಿಯ ಮಾತು ಹೇಳಿದ, ಮಂತ್ರಿ ಬೇರೆ ದಾರಿ ಕಾಣದೆ ರಾಜನ ಮಾತು ಹೇಳಿದ. ಸಾಯುತ್ತಿರುವ ಸೇನಾಪತಿಯನ್ನು ತಬ್ಬಿಕೊಳ್ಳಲು ಹೋಗಿ ಅವನ ಮೇಲೆ ಎಡವಿದ, ಸೇನಾಪತಿ ಬೈದ. ಕಾಡಿನ ಹಾಡಿಗೆ ಹಾರ್ಮೋನಿಯಮ್ಮಿನವನು ಕಣ್ಣು ಮುಚ್ಚಿಕೊಂಡ. ಜನ ಒಬ್ಬರೂ ಎದ್ದು ಹೋಗಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಾಕೆ, “ಪಾಪ, ಆಕ್ಟಿಂಗ್ ಬರಲ್ಲ. ಆದ್ರೇನು, ಬೀಡಿ ಬಿಟ್ಟವ್ನೆ,” ಅಂದಳು. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪುಟ್ಟತಾಯಮ್ಮ ಎಲ್ಲರಿಗಿಂತ ಜೋರಾಗಿ.

ನಾನು ಒಳಗೆ ಹೋದಾಗ ರುದ್ರಯ್ಯನವರೇ ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಶಿವರಾಮಯ್ಯನ ಮುಖದ ಬಣ್ಣ ತೆಗೆಯುತ್ತಿದ್ದರು.

“ಬೇಜಾರ್ ಮಾಡ್ಕೋಬೇಡ ಕಣಯ್ಯ,” ಅಂದರು. “ನಿನಗೆ ನಾಟಕ ಬರಲ್ಲ. ಇಲ್ಲದ್ದನ್ನ ಐತೆ ಅಂತ ನಂಬಿಸೋದು ನಿನ್ನಂಥ ಸಾಚಾ ಮನುಷ್ಯನ ಕೈಲಿ ಆಗೋ ಕೆಲಸ ಅಲ್ಲ.”

ನಾನು ಬಾಯಿ ತೆರೆದೆ. ಮಹಾರಾಜರು ಜರಿ ಚಡಾವು ಹಾಕಿದ ಕಾಲಿನಿಂದ ನನ್ನ ಕಾಲು ತುಳಿದರು.

“ಹೌದು ರುದ್ರಣ್ಣ, ನನಗೆಲ್ ಬರ್ತದೆ,” ಅಂದ ಶಿವರಾಮಯ್ಯ. ಅನ್ನುತ್ತಾ ಅವನ ಕೈ ಎದೆಯ ಮೇಲೆ ಜೇಬು ತಡವಿತು. ರಾಜನ ಅಂಗಿಗೆ ಜೇಬಿರಲಿಲ್ಲ.

ರುದ್ರಯ್ಯನವರು ಅದನ್ನು ನೋಡಿದರು. ಆ ಕೈಯನ್ನು ಹಿಡಿದುಕೊಂಡು, ನನಗೂ ಹಿಂಗೇ ಆಗ್ತದೆ ಅಂದರು, ಮತ್ತು ತಮ್ಮ ಜೇಬಿನಿಂದ ಒಂದು ಗಮ್ ತೆಗೆದು ಅವನ ಬಾಯಿಗೆ ಇಟ್ಟರು. ಬೇಡ ಅನ್ನುವ ಹಾಗಿರಲಿಲ್ಲ. ಶಿವರಾಮಯ್ಯ ನನ್ನ ಮುಖ ನೋಡಿ ಅಗಿಯತೊಡಗಿದ. ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಬಂತು, ಕಿರೀಟ ಅಲುಗಿತು, ಒಂದರ ಮೇಲೊಂದು ಬಿಕ್ಕಳಿಕೆ ಹತ್ತಿಕೊಂಡಿತು.

“ಅಳಬೇಡ ಕಣಯ್ಯ,” ಎಂದು ರುದ್ರಯ್ಯನವರು ಅವನ ಬೆನ್ನು ಸವರಿದರು.